ಹೈಸ್ಕೂಲಿನ ಹೊಸ್ತಿಲಲ್ಲಿ ಭಾಷೆ ಬದಲಿಸಬೇಡಿ

"ಮಾನ್ಯ ಸಂಪಾದಕರೆ, ನನ್ನ ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ್ದಾಳೆ. ನಾಲ್ಕು ಕಿಲೋಮೀಟರ್ ದೂರದ ಹೋಬಳಿಯಲ್ಲಿ ಸರ್ಕಾರಿ ಹೈಸ್ಕೂಲಿದೆ, ಕನ್ನಡ ಮಾಧ್ಯಮ. ಹದಿನೆಂಟು ಕಿಲೋಮೀಟರ್ ದೂರದ ಪಟ್ಟಣದಲ್ಲಿ ಖಾಸಗಿ ಇಂಗ್ಲಿಷ್ ಮೀಡಿಯಂ ಇದೆ, ವ್ಯಾನ್ ಬಾಗಿಲಿಗೇ ಬರುತ್ತದೆ. 'ಪಿಯುಸಿ ಹೇಗೂ ಇಂಗ್ಲಿಷಿನಲ್ಲಿ, ಈಗಲೇ ಹಾಕಿಬಿಡಿ, ರಜದಲ್ಲಿ ಎರಡು ತಿಂಗಳು ಬ್ರಿಡ್ಜ್ ಕೋರ್ಸ್ ಮಾಡಿಸಿದರೆ ಸಾಕು' ಎನ್ನುತ್ತಾರೆ ಎಲ್ಲರೂ. ಹೈಸ್ಕೂಲಿಗೆ ಅವಳನ್ನು ಹೇಗೆ ತಯಾರು ಮಾಡಲಿ? ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಕನ್ನಡದಲ್ಲಿ. ನನ್ನಿಂದ ಹೇಳಿಕೊಡಲು ಏನಾದೀತು?"
— ಒಬ್ಬ ತಾಯಿ, ತಿಪಟೂರು ತಾಲ್ಲೂಕು

ತಾಯಿ, ಮೊದಲು ನಿಮ್ಮ ಕೊನೆಯ ಸಾಲಿಗೆ ನಮ್ಮ ಆಕ್ಷೇಪ. ಕನ್ನಡದಲ್ಲಿ ಹತ್ತನೇ ತರಗತಿ ಓದಿದ ತಾಯಿ ಮನೆಯಲ್ಲಿರುವಾಗ ಆ ಹುಡುಗಿಗೆ ಬೇರೆ ಬ್ರಿಡ್ಜ್ ಕೋರ್ಸ್ ಯಾಕೆ ಬೇಕು? ಎಂಟನೆಯ ತರಗತಿಯ ಗಣಿತವಾಗಲಿ ವಿಜ್ಞಾನವಾಗಲಿ ಕನ್ನಡದಲ್ಲಿದ್ದರೆ ನೀವು ಪುಸ್ತಕ ತಿರುವಿ, ಅವಳು ಎಲ್ಲಿ ಎಡವಿದಳೆಂದು ಹೇಳಬಲ್ಲಿರಿ. ಮಾಧ್ಯಮ ಬದಲಾದ ದಿನ ಅವಳ ಓದಿನಿಂದ ನೀವು ಹೊರಬೀಳುತ್ತೀರಿ. ಆ ಜಾಗಕ್ಕೆ ಟ್ಯೂಷನ್ ಬರುತ್ತದೆ. ಮಾಧ್ಯಮ ಬದಲಿಸುವ ಮನೆಗಳಲ್ಲಿ ವ್ಯಾನಿನ ಬಾಡಿಗೆಗಿಂತ ದೊಡ್ಡ ಖರ್ಚು ಇದು. ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಬೇಕೇ ಬೇಕು. ಯಾವ ಮಾಧ್ಯಮದಲ್ಲಿ ಓದಿಸಬೇಕೆಂಬುದು ತಂದೆತಾಯಿಯ ಆಯ್ಕೆ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಮೊದಲಿನಿಂದ ಇಂಗ್ಲಿಷ್ ಪುಸ್ತಕವನ್ನು ಸರಾಗವಾಗಿ ಓದುತ್ತ ಬಂದ ಮಗುವಿಗೆ ಬದಲಾವಣೆ ಅಷ್ಟು ಕಷ್ಟವಾಗಲಿಕ್ಕಿಲ್ಲ. ಆದರೆ ಬದಲಿಸಲು ಇರುವ ವರ್ಷಗಳಲ್ಲೆಲ್ಲ ಎಂಟನೆಯದು ಅತ್ಯಂತ ಕೆಟ್ಟದ್ದು. ಏಳರವರೆಗೆ ಕಣ್ಣಿಗೆ ಕಾಣುವ ಸಂಗತಿಗಳೇ ಹೆಚ್ಚು. ಎಂಟರಲ್ಲಿ ಭಾಗಲಬ್ಧ ಸಂಖ್ಯೆ, ಸಮೀಕರಣ, ಬೀಜೋಕ್ತಿ, ಜೀವಕೋಶ, ಬಲ ಮತ್ತು ಒತ್ತಡ ಎಂದು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಾದ ವಿಷಯ ಒಟ್ಟಿಗೆ ನುಗ್ಗುತ್ತದೆ. ಅದೇ ಜೂನ್ ತಿಂಗಳಲ್ಲಿ ಭಾಷೆಯೂ ಹೊಸದಾದರೆ ಮಗು ಯಾವುದನ್ನು ಹಿಡಿದುಕೊಳ್ಳಬೇಕು?

ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಿ ತೋರಿಸಿದರು. ಹೊಸ ಭಾಷೆಯಲ್ಲಿ ಮಾತನಾಡುವುದು ಬೇರೆ, ಆ ಭಾಷೆಯಲ್ಲಿ ಪಾಠ ಅರ್ಥಮಾಡಿಕೊಂಡು ಬರೆಯುವುದು ಬೇರೆ. ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು ಎಂಬುದು ಆ ಅಧ್ಯಯನಗಳ ಸಾರ. ಸುತ್ತೆಲ್ಲ ಇಂಗ್ಲಿಷೇ ಆಡುವ ನಾಡಿಗೆ ವಲಸೆ ಹೋದ ಮಕ್ಕಳ ಲೆಕ್ಕವಿದು. ನಮ್ಮ ಹೈಸ್ಕೂಲು ಇರುವುದೇ ಮೂರು ವರ್ಷ. ಎರಡು ತಿಂಗಳ ಬ್ರಿಡ್ಜ್ ಕೋರ್ಸ್ ಮಾಡುವುದು ಇಷ್ಟೇ: ನೂರಿನ್ನೂರು ಪದದ ಪಟ್ಟಿ ಬಾಯಿಪಾಠ, ಒಂದಷ್ಟು ವ್ಯಾಕರಣ. ಮಗು ಎಂಟನೆಯ ತರಗತಿಯನ್ನು ಗೈಡಿನ ಪ್ರಶ್ನೋತ್ತರ ಉರುಹೊಡೆದು ದಾಟುತ್ತದೆ, ಅಂಕ ನೋಡಿ ಮನೆಯವರು ಸಮಾಧಾನಪಡುತ್ತಾರೆ. ಒಂಬತ್ತರಲ್ಲಿ ವಾಕ್ಯರೂಪದ ಲೆಕ್ಕ ಬಂದಾಗ ಬಣ್ಣ ಬಯಲಾಗುತ್ತದೆ. "ಎರಡು ಸಂಖ್ಯೆಗಳ ಮೊತ್ತ 60, ಒಂದು ಇನ್ನೊಂದಕ್ಕಿಂತ 12 ಹೆಚ್ಚು" ಎಂದರೆ ನಿಮ್ಮ ಮಗಳು 24 ಮತ್ತು 36 ಎಂದು ಹೇಳಿಯಾಳು. ಆ "ಹೆಚ್ಚು" ಇದ್ದ ಜಾಗದಲ್ಲಿ "ಎಕ್ಸೀಡ್ಸ್" ಎಂದಿದ್ದರೆ ಅವಳು ಅಲ್ಲೇ ನಿಲ್ಲುತ್ತಾಳೆ. ಲೆಕ್ಕ ಬಾರದೆ ನಿಂತದ್ದಲ್ಲ ಅದು. ಆದರೂ ಮನೆಯವರೆಲ್ಲ ಅವಳಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದುಬಿಡುತ್ತಾರೆ, ಅವಳೂ ಅದನ್ನೇ ನಂಬುತ್ತಾಳೆ.

ವಿಜ್ಞಾನ ಕನ್ನಡದಲ್ಲಿ ಆಗದು ಎನ್ನುವವರು ನಿಮ್ಮ ಜಿಲ್ಲೆಯ ಕಡೆಗೇ ನೋಡಲಿ. ತುಮಕೂರು ಸೀಮೆಯ ಊರಿನ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1918ರಷ್ಟು ಹಿಂದೆಯೇ ಕನ್ನಡದಲ್ಲಿ ವಿಜ್ಞಾನದ ಮಾಸಪತ್ರಿಕೆ ಹೊರಡಿಸಿದವರಲ್ಲಿ ಅವರೇ ಮುಂದಾಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಕೂಡ ಬೋಧನೆ ಸಾಧ್ಯವಾದಷ್ಟೂ ಮಗುವಿನ ತಾಯ್ನುಡಿಯಲ್ಲೇ ಇರಬೇಕು ಎನ್ನುತ್ತದೆ. ಕಾಯ್ದೆಯ ಪುಟದಲ್ಲಿ ತಾಯ್ನುಡಿ ಸುಖವಾಗಿದೆ.

ಈಗ ಯಾರೂ ನಿಮಗೆ ಹೇಳಿರಲಾರದ ಮಾತು. ಸಿಇಟಿ ಮೂಲಕ ವೃತ್ತಿಪರ ಕೋರ್ಸುಗಳ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಮುಖ್ಯ ಷರತ್ತು ಬಿಗಿಯಾದದ್ದು: ಗ್ರಾಮೀಣ ಮೀಸಲಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ಕನ್ನಡ ಮಾಧ್ಯಮದ ಮೀಸಲಿಗೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ನಿಮ್ಮ ಮಗಳು ಏಳು ವರ್ಷ ಕೂಡಿಟ್ಟಿದ್ದಾಳೆ. ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋದರೆ ಎರಡೂ ಒಂದೇ ದಿನ ಕೈಬಿಡುತ್ತವೆ, ಆಮೇಲೆ ಎಷ್ಟು ಅತ್ತರೂ ಮರಳುವುದಿಲ್ಲ. ಹೋಬಳಿಯ ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಈ ಎರಡು ಮೀಸಲಿಗೆ ಕೊಡಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಂದೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕಾಗುತ್ತದೆ. ಆದ್ದರಿಂದ ಏಳನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ವರ್ಗಾವಣೆ ಪತ್ರದ ಜೊತೆಗೇ ಈಗಲೇ ಪಡೆದಿಡಿ.

ಇನ್ನೊಂದಿದೆ. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ನಡೆಯುತ್ತದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು, ಏಳನೆಯ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟರಿಗೆ ಶೇ 50 ಸಾಕು. ಬೌದ್ಧಿಕ ಸಾಮರ್ಥ್ಯದ 90 ಪ್ರಶ್ನೆ, ಪಠ್ಯದ 90 ಪ್ರಶ್ನೆ, ಪ್ರತಿಯೊಂದಕ್ಕೂ 90 ನಿಮಿಷ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ ಇದು. ವ್ಯಾನ್ ಹತ್ತಿಸಿದರೆ ಇದೂ ಇಲ್ಲ.

ಸರಿ, ರಜದಲ್ಲಿ ಏನು ಮಾಡಿಸಬೇಕು? ಎಂಟನೆಯ ತರಗತಿಯ ಗೈಡು ಕೊಳ್ಳಬೇಡಿ. ಮುಂದಿನದನ್ನು ಮೊದಲೇ ಓದಿಸುವುದರಿಂದ ಆಗುವ ಲಾಭ ಕಡಿಮೆ, ಹಿಂದಿನ ತೂತು ಮುಚ್ಚುವುದರಿಂದ ಆಗುವ ಲಾಭ ಬಹಳ.

ದಿನಕ್ಕೆ ಒಂದು ಗಂಟೆ ಸಾಕು, ಬೆಳಗ್ಗೆ ಬಿಸಿಲೇರುವ ಮುಂಚೆ. ಏಳನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದ ಒಂದು ಪುಟ ಜೋರಾಗಿ ಓದಲಿ, ಪುಸ್ತಕ ಮುಚ್ಚಲಿ, ಓದಿದ್ದನ್ನು ಐದು ವಾಕ್ಯದಲ್ಲಿ ಹೇಳಲಿ, ಆಮೇಲೆ ಬರೆಯಲಿ. ಒತ್ತಕ್ಷರದಲ್ಲಿ ತಡವರಿಸಿದರೆ ಅದು ಓದಿನ ತೊಂದರೆ, ದಿನಾ ಓದಿದರೆ ಹೋಗುತ್ತದೆ. ಗಡಗಡ ಓದಿ ಏನೂ ಹೇಳಲಾಗದಿದ್ದರೆ ಅದು ಹೆಚ್ಚು ಗಂಭೀರ. ಆಗ ಪುಟ ಬಿಟ್ಟು ಒಂದೊಂದೇ ಪ್ಯಾರಾ ಮಾಡಿಸಿ, "ಯಾರು, ಏನು, ಯಾಕೆ" ಎಂದು ಕೇಳಿ.

ಗಣಿತದಲ್ಲಿ ನಾಲ್ಕೇ ಕಡೆ ಪರೀಕ್ಷಿಸಿ. ಮೊದಲನೆಯದು ಭಿನ್ನರಾಶಿ. ಕಾಲು ಎಕರೆಗೆ ಎಂಟನೇ ಮೂರು ಎಕರೆ ಕೂಡಿಸಲು ಹೇಳಿ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 4/12 ಎಂದು ಬರೆಯುವ ಮಕ್ಕಳು ತುಂಬ. ತಪ್ಪು ಎಂದು ಗದರಬೇಡಿ, ಗುಂಟೆಗೆ ಇಳಿಸಿ. ಎಕರೆಗೆ 40 ಗುಂಟೆ, ಕಾಲು ಎಂದರೆ 10, ಎಂಟನೇ ಮೂರು ಎಂದರೆ 15. ಕೂಡಿದರೆ 25, ಅಂದರೆ 5/8. ಅವಳ 4/12 ಹದಿಮೂರು ಗುಂಟೆ ಚಿಲ್ಲರೆ. ಹದಿನೈದಕ್ಕೆ ಹತ್ತು ಸೇರಿಸಿದ ಮೇಲೆ ಜಮೀನು ಕಡಿಮೆಯಾಯಿತೇ ಎಂದು ಕೇಳಿ, ಅವಳೇ ತಿದ್ದಿಕೊಳ್ಳುತ್ತಾಳೆ. ಎರಡನೆಯದು ದಶಮಾಂಶ: 0.25 ದೊಡ್ಡದೋ 0.3 ದೊಡ್ಡದೋ? ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ ಎಂದು ಮೋಸಹೋಗುತ್ತಾರೆ. ತಕ್ಕಡಿಯಲ್ಲಿ 250 ಗ್ರಾಂ, 300 ಗ್ರಾಂ ಇಟ್ಟು ತೋರಿಸಿ. ಮೂರನೆಯದು ಋಣಸಂಖ್ಯೆ. −5−3 ಕೊಟ್ಟರೆ "ಮೈನಸ್ ಮೈನಸ್ ಪ್ಲಸ್" ಎಂದು 8 ಬರೆಯುತ್ತಾರೆ. ಗುಣಾಕಾರದ ಆ ನಿಯಮವನ್ನು ಸಂಕಲನಕ್ಕೆ ತಂದು ಹಚ್ಚಿದ್ದರ ಫಲ. ಅಂಗಡಿಯಲ್ಲಿ ಐದು ರೂಪಾಯಿ ಸಾಲವಿತ್ತು, ಇನ್ನೂ ಮೂರು ಸಾಲ ಮಾಡಿದೆವು, ಸಾಲ ತೀರಿತೋ ಬೆಳೆಯಿತೋ? ನಾಲ್ಕನೆಯದು ಆವರಣ: 2(ಕ+3). ಒಂದು ಚೀಲ ತೆಂಗಿನಕಾಯಿ, ಜೊತೆಗೆ ಮೂರು ಬಿಡಿಕಾಯಿ. ಅಂಥದ್ದು ಎರಡು ಪಾಲು ಎಂದರೆ ಎರಡು ಚೀಲ, ಆರು ಬಿಡಿಕಾಯಿ. ಮಕ್ಕಳು ಚೀಲ ಎರಡು ಮಾಡಿ ಬಿಡಿಕಾಯಿಯನ್ನು ಮೂರರಲ್ಲೇ ಬಿಡುತ್ತಾರೆ. ಎಂಟನೆಯ ತರಗತಿಯ ಬೀಜಗಣಿತ ಕುಸಿಯುವುದು ಬಹುಪಾಲು ಇದೇ ಜಾಗದಲ್ಲಿ. ಈ ನಾಲ್ಕನ್ನೂ ಯಾವ ಬ್ರಿಡ್ಜ್ ಕೋರ್ಸೂ ಎಕರೆ, ಸಾಲ, ತೆಂಗಿನಕಾಯಿಯಲ್ಲಿ ಹೇಳಿಕೊಡುವುದಿಲ್ಲ. ನೀವು ಹೇಳಿಕೊಡಬಲ್ಲಿರಿ.

ಪಿಯುಸಿಯ ಭಯಕ್ಕೂ ಮದ್ದಿದೆ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಛೇದ, ಬಲಕ್ಕೆ ಡಿನಾಮಿನೇಟರ್. ಎಡಕ್ಕೆ ದ್ಯುತಿಸಂಶ್ಲೇಷಣೆ, ಬಲಕ್ಕೆ ಫೋಟೋಸಿಂಥೆಸಿಸ್. ಇಂಗ್ಲಿಷ್ ಪದವನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಸಿ. ಪಾಠ ಕನ್ನಡದಲ್ಲಿ ಅರ್ಥವಾದ ಮೇಲೆ ಬರೆಯಬೇಕು, ಅದಕ್ಕೆ ಮೊದಲಲ್ಲ. ವಾರಕ್ಕೆ ಐದು ಪದವಾದರೆ ಶಾಲೆಯ ನಲವತ್ತು ವಾರಕ್ಕೆ 200, ಮೂರು ವರ್ಷಕ್ಕೆ 600. ಜೊತೆಗೆ ಇಂಗ್ಲಿಷ್ ವಿಷಯದ ಪಾಠಪುಸ್ತಕದಿಂದ ದಿನಾ ಹತ್ತು ಸಾಲು ಜೋರಾದ ಓದು. ಪಿಯುಸಿಯ ಬಾಗಿಲಲ್ಲಿ ಅವಳಿಗೆ ಬೇಕಾಗುವುದು ಅರ್ಥ ಗೊತ್ತಿರುವ ಈ ಪದಗಳು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನೂ ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯನ್ನೂ ಇಂದು ಕನ್ನಡದಲ್ಲಿ ಬರೆಯಬಹುದು. ಇದನ್ನು ಊರೂರಿಗೆ ಹೋಗಿ ಹೇಳಬೇಕಾದವರು ಹೇಳುತ್ತಿಲ್ಲ. ಕನ್ನಡ ಶಾಲೆಗೆ ಮಕ್ಕಳು ಬರುತ್ತಿಲ್ಲ ಎಂಬ ಗೋಳು ಮಾತ್ರ ಪ್ರತಿ ನವೆಂಬರಿನಲ್ಲಿ ವೇದಿಕೆ ಹತ್ತುತ್ತದೆ. ಗಣಿತದ ಮೇಷ್ಟರ ಹುದ್ದೆ ಖಾಲಿ ಬಿಟ್ಟು, ಶೌಚಾಲಯಕ್ಕೆ ನೀರು ಕೊಡದೆ, ಕೊನೆಗೆ ಪಾಲಕರಿಗೆ ಭಾಷಾಭಿಮಾನವಿಲ್ಲ ಎನ್ನುವುದು ಯಾವ ನ್ಯಾಯ?

ಶೌಚಾಲಯದ ಮಾತು ಬಂತು. ದಾಖಲಾತಿಯ ದಿನವೇ ಅದನ್ನು ಕಣ್ಣಾರೆ ನೋಡಿ ಬನ್ನಿ. ಅದು ಸರಿಯಿಲ್ಲದ ಕಡೆ ಹುಡುಗಿಯರು ಇಡೀ ದಿನ ನೀರು ಕುಡಿಯದೆ ಕೂರುತ್ತಾರೆ, ತಲೆನೋವು ಉರಿಮೂತ್ರ ಅಲ್ಲಿಂದಲೇ. ಮುಟ್ಟು ಶುರುವಾಗಿರಲಿ ಬಿಡಲಿ, ಬ್ಯಾಗಿನಲ್ಲಿ ಎರಡು ಪ್ಯಾಡು, ಒಂದು ಒಳಉಡುಪು ಇರುವ ಸಣ್ಣ ಚೀಲ ಇರಲಿ. ಯಾವ ಶಿಕ್ಷಕಿಯ ಹತ್ತಿರ ಹೇಳಿಕೊಳ್ಳಬೇಕೆಂದೂ ಗೊತ್ತಿರಲಿ. ಕಣ್ಣನ್ನೂ ಪರೀಕ್ಷಿಸಿ: ಇಪ್ಪತ್ತು ಅಡಿ ದೂರ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ, ಗೋಡೆಯ ಕ್ಯಾಲೆಂಡರ್ ಓದಿಸಿ. ಒಂದು ಕಣ್ಣಿಗೆ ಕಂಡದ್ದು ಇನ್ನೊಂದಕ್ಕೆ ಕಾಣದಿದ್ದರೆ ಜೂನ್‌ಗೆ ಮುಂಚೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬೋರ್ಡು ಕಾಣದ ಮಗು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತದೆ.

ನಾಲ್ಕು ಕಿಲೋಮೀಟರ್ ಸೈಕಲ್ಲಿಗೆ ಒಳ್ಳೆಯ ದೂರ, ಸುಮಾರು ಇಪ್ಪತ್ತೈದು ನಿಮಿಷ. ಎಂಟನೆಯ ತರಗತಿಗೆ ಸರ್ಕಾರ 2006-07ರಿಂದ ಉಚಿತವಾಗಿ ಕೊಡುತ್ತಿದ್ದ ಸೈಕಲ್ಲು ಕೊರೊನಾ ಕಾಲದಲ್ಲಿ ನಿಂತಿತು. ಹಳ್ಳಿಯ ಹುಡುಗಿಯರನ್ನು ಹೈಸ್ಕೂಲಿಗೆ ಮುಟ್ಟಿಸಿದ ಯೋಜನೆಗಳಲ್ಲಿ ಅದಕ್ಕೆ ಸಮನಾದದ್ದು ನಮಗೆ ಕಾಣುವುದಿಲ್ಲ, ನಿಂತಾಗ ಆಗಬೇಕಿದ್ದ ಗಲಾಟೆ ಆಗಲೇ ಇಲ್ಲ. ಕೊಳ್ಳುವುದಾದರೆ ಸೀಟಿನಲ್ಲಿ ಕೂತಾಗ ಎರಡೂ ಮುಂಗಾಲು ನೆಲ ಮುಟ್ಟುವ ಎತ್ತರ ನೋಡಿ. ಚೈನ್ ಕವರ್ ಇರಲೇಬೇಕು, ಸಮವಸ್ತ್ರದ ವೇಲು ಗಂಟು ಹಾಕಿಕೊಂಡೇ ಹತ್ತಬೇಕು, ಚಕ್ರಕ್ಕೆ ಸಿಕ್ಕಿ ಬೀಳುವುದು ಅದರಿಂದಲೇ. ಮೇ ಕೊನೆಯಲ್ಲಿ ಶಾಲೆಯ ಹೊತ್ತಿಗೇ ಎರಡು ಸಲ ಹೋಗಿಬರಲಿ. ಮಳೆಗಾಲಕ್ಕೆ ಸರ್ಕಾರಿ ಬಸ್ಸಿದ್ದರೆ 'ಶಕ್ತಿ' ಯೋಜನೆ ಇದೆ, ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ.

ಕಾಗದಪತ್ರದಲ್ಲಿ ಒಂದೇ ಎಚ್ಚರ. ವರ್ಗಾವಣೆ ಪತ್ರ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ, ಇನಿಷಿಯಲ್, ಹುಟ್ಟಿದ ದಿನಾಂಕ ಹೋಲಿಸಿ. ಒಂದಕ್ಷರ ಬೇರೆಯಿದ್ದರೂ ವಿದ್ಯಾರ್ಥಿವೇತನ ಅಲ್ಲೇ ಸಿಕ್ಕಿಬೀಳುತ್ತದೆ. ಈಗಲೇ ತಿದ್ದಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ತಪ್ಪು ಹತ್ತಿದ ಮೇಲೆ ಬಿಡಿಸುವುದು ಬಹಳ ಕಷ್ಟ.

ಶಾಲೆ ತೆರೆದ ಮೇಲೆ ಮೊದಲ ವಾರಗಳಲ್ಲಿ 'ಸೇತುಬಂಧ' ನಡೆಯುತ್ತದೆ. ಹಿಂದಿನ ತರಗತಿಯದು ಎಷ್ಟು ಉಳಿದಿದೆಯೆಂದು ಒಂದು ಪೂರ್ವಪರೀಕ್ಷೆ, ಆಮೇಲೆ ಕೊರತೆ ತುಂಬುವ ಪಾಠ. ಅಂಕಪಟ್ಟಿಗೆ ಸೇರದ ಪರೀಕ್ಷೆ ಎಂದು ಮನೆಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ. ಆ ಗಣಿತದ ಉತ್ತರಪತ್ರಿಕೆಯನ್ನು ಮನೆಗೆ ತರಿಸಿಕೊಂಡು, ನಾವು ಹೇಳಿದ ನಾಲ್ಕರಲ್ಲಿ ಯಾವುದು ಇನ್ನೂ ಉಳಿದಿದೆ ನೋಡಿ, ಆ ವಾರವೇ ಗಣಿತದ ಶಿಕ್ಷಕರನ್ನು ಕಂಡು ಮಾತನಾಡಿ.