ಬ್ಲೂಸ್ ಗಿಟಾರ್: ತಂತಿ ಎಳೆದರೆ ಅಪಸ್ವರ ಯಾಕೆ?

ಪ್ರಶ್ನೆ: ಎರಡು ವರ್ಷದಿಂದ ಅಕೌಸ್ಟಿಕ್ ಗಿಟಾರ್‌ನಲ್ಲಿ ಹಾಡುಗಳಿಗೆ ಕಾರ್ಡ್ಸ್ ನುಡಿಸುತ್ತಿದ್ದೇನೆ. ಈಗ ಅಮೆರಿಕದ ಆಫ್ರಿಕನ್ ಮೂಲದವರ ಸಂಗೀತವಾದ ಬ್ಲೂಸ್ ಕಲಿಯುವ ಆಸೆ. ಆದರೆ ಮೂರನೇ ತಂತಿ ಬೆಂಡ್ ಮಾಡಿದರೆ, ಅಂದರೆ ಒತ್ತಿ ಪಕ್ಕಕ್ಕೆ ಎಳೆದರೆ, ಸ್ವರ ಪೂರ್ತಿ ಏರುವುದೇ ಇಲ್ಲ. ಬೆರಳು ಉರಿಯುತ್ತದೆ, ಪಕ್ಕದ ತಂತಿ ಕಿರುಚುತ್ತದೆ. ನನ್ನ ಬೆರಳಿಗೆ ಶಕ್ತಿ ಸಾಲದೇ?

ಉತ್ತರ: ಶಕ್ತಿಯ ಮಾತು ಆಮೇಲೆ. ಮೊದಲು ಆ ಮೂರನೇ ತಂತಿಯನ್ನು ಉಗುರಿನಿಂದ ಕೆರೆದು ನೋಡಿ. ಗರಗರ ಅಂದರೆ ಅದು ಸುತ್ತು ತಂತಿ, ಅಂದರೆ ಒಳಗಿನ ತಂತಿಗೆ ಇನ್ನೊಂದು ಸಣ್ಣ ತಂತಿ ಸುತ್ತಿದ್ದು. ಅಕೌಸ್ಟಿಕ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಬ್ಲೂಸ್ ನುಡಿಸುವವರ ಮೂರನೇ ತಂತಿ ಸಾಮಾನ್ಯವಾಗಿ ಬರಿಯ ಉಕ್ಕಿನದು, ಸಲೀಸಾಗಿ ಬಾಗುತ್ತದೆ. ಅವರ ವಿಡಿಯೊ ನೋಡಿ ಸುಮ್ನೆ ನಿಮ್ಮ ಬೆರಳನ್ನು ಬೈಯಬೇಡಿ.

ಸದ್ಯಕ್ಕೆ ಎರಡನೇ ತಂತಿಗೆ ಬನ್ನಿ. ಎಂಟನೇ ಫ್ರೆಟ್‌ನಲ್ಲಿ (ನೆಕ್, ಅಂದರೆ ಗಿಟಾರ್ ಕತ್ತಿನ ಮೇಲಿನ ಮೆಟ್ಟಿಲು) ಉಂಗುರ ಬೆರಳಿಡಿ. ನಡುಬೆರಳು, ತೋರುಬೆರಳು ಅದೇ ತಂತಿಯ ಮೇಲೆ ಹಿಂದೆ ಕೂತು ಬೆಂಬಲ ಕೊಡಲಿ. ಹೆಬ್ಬೆರಳು ನೆಕ್‌ನ ಮೇಲಿಂದ ಇಣುಕಲಿ. ತೋರುಬೆರಳಿನ ಬುಡ ನೆಕ್‌ನ ಕೆಳ ಅಂಚಿಗೆ ಒತ್ತಿರಲಿ. ಈಗ ಬೆರಳು ಚಾಚಿ ತಳ್ಳಬೇಡಿ. ಬೀಗದಲ್ಲಿ ಕೀಲಿಕೈ ತಿರುಗಿಸುವ ಹಾಗೆ ಮಣಿಕಟ್ಟು ತಿರುಗಿಸಿ. ಕೆಲಸ ಮಾಡಬೇಕಾದ್ದು ಕೈ, ಬೆರಳಲ್ಲ.

ಎಲ್ಲಿಯವರೆಗೆ ಏರಿಸಬೇಕು? ಮೊದಲ ತಂತಿಯ ಐದನೇ ಫ್ರೆಟ್ ಮೀಟಿ, ಆ ಸ್ವರವನ್ನು ಬಾಯಲ್ಲಿ ಹಾಡಿ. ಮುಟ್ಟಬೇಕಾದ್ದು ಅದನ್ನೇ. ಅದು ಎ ಸ್ವರ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಅದನ್ನು ಷಡ್ಜ (ಸ) ಅಂದುಕೊಂಡರೆ ನೀವು ಕೈಶಿಕಿ ನಿಷಾದದಿಂದ ಮೇಲಿನ ಷಡ್ಜಕ್ಕೆ ಏರುತ್ತಿದ್ದೀರಿ. ತೋರುಬೆರಳನ್ನು ಅಲ್ಲೇ ಇಟ್ಟು, ಉಳಿದೆರಡರಿಂದ ಎರಡನೇ ತಂತಿ ಎಳೆದು, ಎರಡನ್ನೂ ಒಟ್ಟಿಗೆ ಮೀಟಿ. ಕೂದಲೆಳೆ ತಪ್ಪಿದರೂ ಸದ್ದು ಅಲೆಅಲೆಯಾಗಿ ನಡುಗುತ್ತದೆ. ನಡುಕ ನಿಂತಲ್ಲಿ ಸ್ವರ ಸೇರಿತು. ಜಾಸ್ತಿ ಜನ ಬಾಯಿ ಬಿಟ್ಟು ಹಾಡುವುದೇ ಇಲ್ಲ, ಅಪಸ್ವರ ಬರುವುದು ಅಲ್ಲೇ. ಎಳೆಯುವ ಮೊದಲೇ ತಲುಪಬೇಕಾದ ಸ್ವರ ಕಿವಿಯಲ್ಲಿರಬೇಕು. ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತೆಗೆಯುವ ವೀಣೆಯವರನ್ನು ಕೇಳಿ ನೋಡಿ, ಇದನ್ನೇ ಹೇಳುತ್ತಾರೆ.

ಅಕೌಸ್ಟಿಕ್‌ನಲ್ಲೂ ನಿಮ್ಮ ಮೂರನೇ ತಂತಿಗೆ ಒಂದು ಕೆಲಸ ಇದೆ. ಐದನೇ ಫ್ರೆಟ್‌ನಲ್ಲಿ ತೋರುಬೆರಳಿಟ್ಟು ನೆಲದ ಕಡೆಗೆ ಚೂರೇ ಎಳೆಯಿರಿ. ಅದೇ ಷಡ್ಜದ ಲೆಕ್ಕದಲ್ಲಿ, ಎಳೆಯದೆ ಬರುವ ಸಾಧಾರಣ ಗಾಂಧಾರ ಬಿಟ್ಟಿರಬೇಕು, ಅದರ ಮುಂದಿನ ಅಂತರ ಗಾಂಧಾರ ಮುಟ್ಟಿರಬಾರದು. ಆ ನಡುವಿನ ಜಾಗವೇ ಬ್ಲೂಸ್‌ನ ಅಳು. ನನ್ನ ಮಟ್ಟಿಗೆ ಪೂರ್ತಿ ಬೆಂಡ್‌ಗಿಂತ ಇದೇ ಮುಖ್ಯ.

ಯಾವ ಕಡೆ ಎಳೆಯಬೇಕೆಂಬ ಮಡಿ ಬೇಡ. ಎಡಗೈಯ ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ತಂತಿಗಳನ್ನು ತಲೆಕೆಳಗಾಗಿಯೇ ಇಟ್ಟುಕೊಂಡು, ಸಣ್ಣ ತಂತಿಗಳನ್ನು ನೆಲದತ್ತ ಎಳೆಯುತ್ತಿದ್ದರು. ಇನ್ನೊಬ್ಬ ಬ್ಲೂಸ್ ವಾದಕ ಬಿ.ಬಿ. ಕಿಂಗ್‌ಗೆ ತಮ್ಮ ಬಂಧು ಬುಕ್ಕಾ ವೈಟ್‌ರಂತೆ ಸ್ಲೈಡ್ (ತಂತಿಯ ಮೇಲೆ ಗಾಜು ಅಥವಾ ಲೋಹದ ಕೊಳವೆ ಜಾರಿಸುವುದು) ನುಡಿಸಲು ಬರಲಿಲ್ಲ. ಆ ಸದ್ದನ್ನು ಬರಿ ಬೆರಳಲ್ಲಿ ತರಲು ಹೋಗಿ ಅವರ ಹೆಸರಾಂತ ಕಂಪನ ಹುಟ್ಟಿತು.

ಕಿರುಚಾಟಕ್ಕೆ ಕಾರಣ ಇಷ್ಟೇ: ನೀವು ಎಳೆದ ತಂತಿ ಪಕ್ಕದ್ದನ್ನೂ ತಳ್ಳುತ್ತದೆ, ಅದು ಬೆರಳಿಂದ ಜಾರಿದಾಗ ನುಡಿಯುತ್ತದೆ. ತೋರುಬೆರಳ ತುದಿ ಅದಕ್ಕೆ ಹಗುರವಾಗಿ ತಾಗಿರಲಿ. ಬಲ ಅಂಗೈ ದಪ್ಪ ತಂತಿಗಳ ಮೇಲೆ ಒರಗಿರಲಿ.

ಬೆರಳ ತುದಿಯ ಉರಿ ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾದಂತೆ ಇಳಿಯುತ್ತದೆ. ಮಣಿಕಟ್ಟು ನೋವಾದರೆ ಮಾತ್ರ ಅಂದಿಗೆ ಗಿಟಾರ್ ಕೆಳಗಿಡಿ. ಮುಂದಿನ ಸಲ ತಂತಿ ಬದಲಿಸುವಾಗ 12ರ ಬದಲು 10ರ ಸೆಟ್ ಕೇಳಿ, ಅಂದರೆ ಮೊದಲ ತಂತಿ 0.010 ಇಂಚು ದಪ್ಪದ್ದು. ಸದ್ದು ತುಸು ತೆಳುವಾಗುತ್ತದೆ, ಕೈಗೆ ಹಗುರ. ಹೊಸ ತಂತಿ ಎಳೆದಷ್ಟೂ ಸಡಿಲವಾಗುತ್ತದೆ. ಮೊದಲೆರಡು ದಿನ ಆಗಾಗ ಟ್ಯೂನ್ ನೋಡುತ್ತಿರಿ.