ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗೆ ಹೋದರೆ ಕರೆಂಟ್, ಗ್ಯಾಸ್ ಕಂಪನಿಯನ್ನು ನಾವೇ ಆರಿಸಬಹುದೇ?

ಬಿಲ್ ನಿಮ್ಮ ಹೆಸರಿಗೆ ಬರುವುದಾದರೆ ಆರಿಸಬಹುದು. ಬಾಡಿಗೆಯಲ್ಲೇ ಸೇರಿದ್ದರೆ ಆಯ್ಕೆ ಮಾಲೀಕರದು. ಬೆಸ್ಕಾಂ ಥರ ಪ್ರದೇಶಕ್ಕೊಂದೇ ಕಂಪನಿ ಅಲ್ಲಿಲ್ಲ.

ಬೀಗದ ಕೈ ಸಿಕ್ಕ ದಿನವೇ ಎರಡೂ ಮೀಟರ್‌ಗಳ ಫೋಟೊ ತೆಗೆಯಿರಿ, ಸೀರಿಯಲ್ ನಂಬರ್ ಕಾಣುವಂತೆ. ಈಗಿರುವ ಕಂಪನಿಗೆ ಆ ರೀಡಿಂಗ್ ಕೊಡದಿದ್ದರೆ ಹಿಂದಿನವರು ಉರಿಸಿದ್ದೂ ನಿಮ್ಮ ಲೆಕ್ಕಕ್ಕೆ ಬೀಳಬಹುದು. ಮೊದಮೊದಲು ನೀವು ಆ ಕಂಪನಿಯ ‘ಡೀಮ್ಡ್ ಕಾಂಟ್ರಾಕ್ಟ್’ನಲ್ಲಿರುತ್ತೀರಿ (ಸಹಿ ಹಾಕದಿದ್ದರೂ ತಾನಾಗಿಯೇ ಅನ್ವಯವಾಗುವ ಒಪ್ಪಂದ), ಬಿಡಲು ಎಕ್ಸಿಟ್ ಫೀ ಇಲ್ಲ, ಬದಲಾವಣೆಗೆ ಸಾಮಾನ್ಯವಾಗಿ 5 ಕೆಲಸದ ದಿನ ಸಾಕು.

ಹೋಲಿಸುವಾಗ ಯೂನಿಟ್ ದರವೊಂದನ್ನೇ ನೋಡಬೇಡಿ. ಒಬ್ಬರೇ ಇರುವ ಸಣ್ಣ ಫ್ಲಾಟ್‌ಗೆ ಎಷ್ಟೇ ಬಳಸಿದರೂ ದಿನಕ್ಕಿಷ್ಟು ಎಂದು ಕಟ್ಟಬೇಕಾದ ಸ್ಟ್ಯಾಂಡಿಂಗ್ ಚಾರ್ಜೇ ಭಾರ. ಬಾಡಿಗೆ ಕರಾರು ಆರು ತಿಂಗಳದ್ದಾದರೆ, ಎಕ್ಸಿಟ್ ಫೀ ಇರುವ, ವರ್ಷವಿಡೀ ದರ ಬದಲಾಗದ ಫಿಕ್ಸೆಡ್ ಟ್ಯಾರಿಫ್ ಬೇಡವೇ ಬೇಡ.

ಮೊದಲೇ ದುಡ್ಡು ತುಂಬಿ ಬಳಸುವ ಪ್ರಿಪೇಮೆಂಟ್ ಮೀಟರ್ ಇದ್ದರೆ ಕಂಪನಿಗೆ ತಿಳಿಸಿಯೇ ಟಾಪಪ್ ಮಾಡಿ. ಇಲ್ಲವಾದರೆ ಹಿಂದಿನವರ ಸಾಲಕ್ಕೆ ನಿಮ್ಮ ದುಡ್ಡು ಮುರಿದುಕೊಳ್ಳುವ ಸಾಧ್ಯತೆಯಿದೆ.