ವಯಸ್ಸಾಗುತ್ತಾ ನೆಲದಿಂದ ಏಳುವುದೇ ಕಷ್ಟವಾಗುತ್ತಿದೆ, ಏನು ಮಾಡಲಿ?

54 ವಯಸ್ಸು, ಪಂಕ್ತಿಯಲ್ಲಿ ಕೂತು ಉಂಡರೆ ಕೈ ಊರದೆ ಏಳಲು ಆಗುತ್ತಿಲ್ಲ, ಮುಂದೆ ಇನ್ನೊಬ್ಬರ ಕೈ ಕಾಯಬೇಕಾದೀತಾ ಅಂತ ಕೇಳಿದ್ದೀರಿ.

ಭಯ ಸುಮ್ನೆ ಹುಟ್ಟಿದ್ದಲ್ಲ. 30 ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಕರಗುತ್ತದೆ, 60ರ ನಂತರ ಇನ್ನೂ ಬೇಗ. ಆದರೆ ಹೋದ ಬಲ ತಿರುಗಿ ಬರುತ್ತದೆ. ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ ಕೆಲವರಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಬಲ ದುಪ್ಪಟ್ಟಿಗಿಂತ ಜಾಸ್ತಿಯಾಯಿತು! 1990ರಲ್ಲಿ ಪ್ರಕಟವಾದ ಅಧ್ಯಯನ ಇದು. ನಿಮಗಿನ್ನೂ 54, ಅಲ್ವಾ?

ಬರೀ ವಾಕಿಂಗ್ ಸಾಲದು. ಅದು ಹೃದಯಕ್ಕೆ ಒಳ್ಳೆಯದು, ತೊಡೆಗೆ ಅಷ್ಟೇನೂ ಕೆಲಸ ಕೊಡುವುದಿಲ್ಲ. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಕಟ್ಟಿಕೊಂಡು ಎದ್ದು ನಿಲ್ಲಿ. ಮತ್ತೆ ದೊಪ್ಪಂತ ಕೂರಬೇಡಿ. ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ತೊಡೆ ಚುರುಗುಟ್ಟುವುದು ಆಗಲೇ. 8–10 ಸಲ, ವಾರಕ್ಕೆ 2–3 ದಿನ ಸಾಕು. ಸುಲಭವಾದಾಗ ತಗ್ಗಿನ ಸ್ಟೂಲ್‌ಗೆ ಇಳಿಯಿರಿ. ಹಲ್ಲುಜ್ಜುವಾಗ ಸಿಂಕ್ ಹಿಡಿದು ಒಂಟಿ ಕಾಲಲ್ಲಿ ನಿಂತರೆ ಸಮತೋಲನಕ್ಕೂ ಅಭ್ಯಾಸ.

ಊಟದಲ್ಲಿ ಅನ್ನ–ತಿಳಿಸಾರಷ್ಟೇ ಇದ್ದರೆ ಪ್ರೋಟೀನ್ ಎಲ್ಲಿಂದ ಬರಬೇಕು? ಹೆಸರುಕಾಳಿನ ಉಸಲಿ, ಹುರುಳಿ, ಮೊಸರು, ಮೊಟ್ಟೆ ಸೇರಿಸಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು. ಮೊಣಕಾಲು ಊದಿದ್ದರೆ, ಅಥವಾ ಒಂದೇ ಕಾಲು ಸೋಲುತ್ತಿದ್ದರೆ, ಕುರ್ಚಿ ಪಕ್ಕಕ್ಕಿಟ್ಟು ಮೊದಲು ತೋರಿಸಿಕೊಳ್ಳಿ.